ದಿನಕ್ಕೆರಡು ಗ್ಯಾಸ್ ಮಾತ್ರೆ

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಆ ಮುದ್ದೆ ಹೋಟೆಲಿಗೆ ನಾನು ಊಟಕ್ಕೆಂದು ಹೋದವಳಲ್ಲ. ಅದರ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಎಡ ಪಾದದಲ್ಲಿ ಹುಣ್ಣಾಗಿತ್ತು. ಅದನ್ನು ತೊಳೆದು ಪಟ್ಟಿ ಕಟ್ಟಲು ಹೋಗುತ್ತಿದ್ದೆ. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂರಲಾಗದೆ, ಸ್ಕೂಟಿಯಲ್ಲಿ ಕೆಲವು ಮನೆಗಳನ್ನು ಸುತ್ತಿ ಇಂಜೆಕ್ಷನ್, ಡ್ರೆಸ್ಸಿಂಗ್ ಮಾಡಿ ಬರುತ್ತಿದ್ದೆ. ಹುಣ್ಣು ಮಾಗಿತು. ಆದರೂ ಯಜಮಾನರ ಹೆಂಡತಿ ನನ್ನನ್ನು ಬಿಡಲಿಲ್ಲ. ದಿನವೂ ಬಂದು ಸಕ್ಕರೆ ನೋಡಿ, ಮಾತ್ರೆ ನುಂಗಿಸಿ ಹೋಗಿ ಎಂದರು. ಒಪ್ಪಿಕೊಂಡೆ.

ನನ್ನದು ಕಟ್ಟುನಿಟ್ಟಿನ ಕೆಲಸ. ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಎಂದು ಮೂರು ಖಾನೆಯ ಡಬ್ಬಿ ತಂದು ಸಕ್ಕರೆ, ಬಿ.ಪಿ., ಕಾಲುರಿಯ ಮಾತ್ರೆಗಳನ್ನು ತುಂಬಿಟ್ಟೆ. ಬೆಳಗಿನ ಮಾತ್ರೆ ನನ್ನ ಕೈಯಿಂದಲೇ. ಯಜಮಾನರು ಬಾಯಿ ತೆರೆದು, ನುಂಗಿ, ಮತ್ತೆ ತೆರೆದು ನಾಲಗೆ ಎತ್ತಿ ತೋರಿಸಬೇಕು. ತೋರಿಸಿದ ಮೇಲೆಯೇ ನಾನು ಎದ್ದು ಹೊರಡುವುದು. ವಾರ್ಡಿನಲ್ಲಿ ನಮಗೆ ಕಲಿಸಿದ್ದು ಹಾಗೆ. ಅವರು ನಗುತ್ತಿದ್ದರು. "ಶಾಲೇಲಿ ಮೇಷ್ಟ್ರಿಗೂ ಇಂಗೆ ನಾಲ್ಗೆ ತೋರ್ಸಿಲ್ಲ ಕಣವ್ವ ನಾನು" ಎನ್ನುತ್ತಿದ್ದರು.

ಹೋಟೆಲಿನಲ್ಲಿ ಅವರದೇ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಕೋಲಿನಿಂದ ತೊಳಸಿದ ಮೊದಲ ಹಿಟ್ಟನ್ನು, ಎಂದರೆ ಮುದ್ದೆಯನ್ನು, ಗಿರಾಕಿಗಳ ಎದುರಿಗೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಯಜಮಾನರೇ ಉಣ್ಣಬೇಕು. ಅವರು ಉಂಡು ಕೈ ತೊಳೆದ ಮೇಲೆ ಮಿಕ್ಕವರಿಗೆ ಎಲೆ. ಯಜಮಾನ ಉಂಡ ಹಿಟ್ಟು ಎಂದರೆ ಅದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಸೀಮೆಯಲ್ಲಿ ಹಿಟ್ಟು ಅಗಿಯುವುದಿಲ್ಲ, ನುಂಗುವುದು. ಹೆಬ್ಬೆರಳಿನಿಂದ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅದು ತಾನಾಗಿ ಇಳಿಯಬೇಕು. ಒಬ್ಬರ ಆರೋಗ್ಯ ವಿಚಾರಿಸುವಾಗಲೂ ಎಷ್ಟು ಹಿಟ್ಟು ಉಣ್ಣುತ್ತಾರೆ ಎಂದೇ ಕೇಳುತ್ತೇವೆ.

ಹುಣ್ಣು ಮಾಗುವ ಕಾಲಕ್ಕೆ ಯಜಮಾನರಿಗೆ ಹೊಟ್ಟೆಯುಬ್ಬರ ಶುರುವಾಗಿತ್ತು. ಮೈಸೂರಿನ ವೈದ್ಯರೊಬ್ಬರು ಸಕ್ಕರೆ ಮಾತ್ರೆಯ ಜೊತೆಗೆ ಒಂದು ಗ್ಯಾಸ್ ಕ್ಯಾಪ್ಸೂಲ್ ಬರೆದರು. ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು, ಹದಿನೈದು ದಿನ. ಹದಿನೈದು ದಿನದಲ್ಲಿ ಹೊಟ್ಟೆ ಹಗುರಾಯಿತು. ನಾನು ನಿಲ್ಲಿಸಲಿಲ್ಲ. ಒಳ್ಳೆಯದಾಗಿದೆ, ಇರಲಿ ಎಂದುಕೊಂಡೆ. ಮೆಡಿಕಲ್ ಅಂಗಡಿಯವರು ಕೇಳಿದಾಗಲೆಲ್ಲ ಕೊಟ್ಟರು. ನಮ್ಮ ಕಡೆ ಎದೆ ಹಿಡಿದರೂ ಗ್ಯಾಸು, ಬೆನ್ನು ನೊಂದರೂ ಗ್ಯಾಸು, ತಲೆ ಸುತ್ತಿದರೂ ಗ್ಯಾಸು. ಆ ಕ್ಯಾಪ್ಸೂಲನ್ನು ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ. ನಾನೂ ಹಿಡಿಯಲಿಲ್ಲ.

ತಂಬಾಕು ಹರಾಜು ಶುರುವಾಗಿ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಬೆಳೆಗಾರರಿಂದ ಹೋಟೆಲು ತುಂಬಿದ್ದ ದಿನಗಳಲ್ಲಿ ಯಜಮಾನರು ಮೊದಲ ಸಲ ಗಂಟಲು ತೋರಿಸಿದರು.

"ಸಿಸ್ಟ್ರಮ್ಮ, ತುತ್ತು ಇಲ್ಲೇ ನಿಂತ್ಕಬುಡ್ತದೆ. ವಸಿ ಹೊತ್ತಾದ್ಮೇಲೆ ಇಳೀತದೆ."

ಟಾರ್ಚ್ ಹಾಕಿ ನೋಡಿದೆ. ಕತ್ತು ಮುಟ್ಟಿ ನೋಡಿದೆ. ಗೆಡ್ಡೆ ಇಲ್ಲ, ಕೆಂಪಿಲ್ಲ. ಕೆಳಗಿನಿಂದ ಗ್ಯಾಸು ಒತ್ತುತ್ತಿದೆ ಎಂದೆ. ಬೆಳಗಿನ ಖಾನೆಯಲ್ಲಿದ್ದ ಕ್ಯಾಪ್ಸೂಲಿನ ಜೊತೆಗೆ ರಾತ್ರಿಯ ಖಾನೆಗೂ ಒಂದನ್ನು ಹಾಕಿದೆ. ಯಾವ ವೈದ್ಯರನ್ನೂ ಕೇಳಲಿಲ್ಲ. ಮೆಡಿಕಲ್ ಅಂಗಡಿಯವರಿಗೆ ಇನ್ನು ಮೇಲೆ ಎರಡೆರಡು ಎಂದು ಹೇಳಿದ್ದೂ ನಾನೇ. ಸಿಸ್ಟರ್ ಹೇಳಿದ ಮೇಲೆ ಅವರೂ ಕೇಳಲಿಲ್ಲ.

ಆಮೇಲಿನದು ನಿಧಾನವಾಗಿ ನಡೆಯಿತು. ನಿಧಾನವಾಗಿ ನಡೆದದ್ದರಿಂದಲೇ ದಿನವೂ ನೋಡುವ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಹಿಟ್ಟು ಉಣ್ಣಲು ಅವರಿಗೆ ಮೊದಲಿನ ಎರಡರಷ್ಟು ಹೊತ್ತು ಬೇಕಾಯಿತು. ಬಾಗಿಲ ಬೆಂಚಿನಲ್ಲಿ ಎಲೆ ಮುಂದಿಟ್ಟುಕೊಂಡು ಕೂತವರು ಗಂಟಲು ಉಜ್ಜಿಕೊಳ್ಳುತ್ತಾ ಉಳಿದುಬಿಡುತ್ತಿದ್ದರು. ಗಿರಾಕಿಗಳು ಬಿಡುವ ಪೈಕಿಯೇ? "ಯಜಮಾನ್ರೇ, ನೀವೇ ನುಂಗ್ನಾರ್ದ ಹಿಟ್ಟ ನಮಗಿಕ್ತೀರಲ್ಲ" ಎಂದು ಒಬ್ಬ ರೇಗಿಸಿದನಂತೆ. ಮಾರನೆಯ ದಿನದಿಂದ ಅವರು ಹೊರಗೆ ಉಣ್ಣುವುದನ್ನು ಬಿಟ್ಟರು. ಒಳಗೆ, ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತು ಉಣ್ಣತೊಡಗಿದರು.

ದೂರು ಸೊಸೆಯ ಮೇಲೆ ಬಿತ್ತು. ಅತ್ತೆಗೆ ಮಂಡಿ ನೋವಾದ ಮೇಲೆ ಹಿಟ್ಟು ತೊಳಸುವವಳು ಅವಳೇ. ಗಂಟು ಉಳಿಸುತ್ತಾಳೆ, ಬೇಯಿಸುವುದಿಲ್ಲ, ಮಾವನನ್ನು ಗಲ್ಲಾದಿಂದ ಎಬ್ಬಿಸುವ ಹುನ್ನಾರ ಇದ್ದರೂ ಇರಬಹುದು ಎಂದು ಯಜಮಾನರ ಹೆಂಡತಿ ನನ್ನೆದುರಿಗೇ ಅಂದರು. ಸೊಸೆ ಎಸರಿಗೆ ಹಿಟ್ಟು ಸುರಿದು ಕೋಲು ಹಿಡಿದಿದ್ದಳು. ತಿರುಗಿ ನೋಡಲಿಲ್ಲ. ನಾನಾದರೂ ಸುಮ್ಮನಿರಬಹುದಿತ್ತು. ಇರಲಿಲ್ಲ. "ಇನ್ನೊಂದು ಚೂರು ಹೊತ್ತು ಮುಚ್ಚಿಟ್ಟು ಆಮೇಲೆ ತೊಳಸು, ವಯಸ್ಸಾದವರಿಗೆ ಕೊಡುವುದು" ಎಂದು ಬುದ್ಧಿ ಹೇಳಿದೆ. ನರ್ಸಮ್ಮನೇ ಹೇಳಿದ ಮೇಲೆ ದೂರು ರುಜುವಾತಾದಂತಾಯಿತು.

ಯಜಮಾನರ ಬಲಗೈ, ಸುಮ್ಮನೆ ತೊಡೆಯ ಮೇಲಿದ್ದಾಗ, ಹೆಬ್ಬೆರಳು ತೋರುಬೆರಳು ಸೇರಿಸಿ ಏನನ್ನೋ ಹೊಸೆಯುವಂತೆ ಆಡುತ್ತಿತ್ತು. ಜೊಲ್ಲು ಒರೆಸಿಕೊಳ್ಳಲು ಹೆಗಲ ಮೇಲೊಂದು ಟವಲು ಬಂದಿತ್ತು. ಮಾತು ಸಣ್ಣದಾಗಿತ್ತು. ನಗುವ ಮುಖ ನಗುವುದನ್ನು ಬಿಟ್ಟಿತ್ತು. ಇಷ್ಟೂ ನನ್ನ ಎದುರಿಗಿತ್ತು. ನಾನು ಹೇಳಿದ್ದು, "ಬೆನ್ನು ನೆಟ್ಟಗೆ ಮಾಡಿ, ಜೋರಾಗಿ ಮಾತಾಡಿ, ಸೋಮಾರಿತನ ಬಿಡಿ." ವಾರ್ಡಿನಲ್ಲಿ ಹೀಗೆ ಗದರಿಸಿಯೇ ಎಷ್ಟೋ ಜನರನ್ನು ಹಾಸಿಗೆಯಿಂದ ಎಬ್ಬಿಸಿದ್ದೆ. ಅವರು ನನ್ನ ಮಾತಿಗೆ ಬೆನ್ನು ನೆಟ್ಟಗೆ ಮಾಡಲು ನೋಡುತ್ತಿದ್ದರು.

ಕ್ರಮೇಣ ಮಾತ್ರೆಗಳೇ ಇಳಿಯದಾದವು. ನೀರು ಕುಡಿದರೆ ನೀರು ಹೋಗಿ, ಮಾತ್ರೆ ನಾಲಗೆಯ ಮೇಲೆ ಉಳಿಯುತ್ತಿತ್ತು. ಇದಕ್ಕೂ ಒಂದು ದಾರಿ ಹುಡುಕಿದೆ. ಬಿಸಿ ಹಿಟ್ಟಿನ ಚೂರು ತರಿಸಿ, ತುಪ್ಪ ಸವರಿ, ನಡುವೆ ಮಾತ್ರೆ ಒತ್ತಿ ಉಂಡೆ ಮಾಡಿ ಕೊಡುವುದು. ಜೀವಮಾನವೆಲ್ಲ ಹಿಟ್ಟು ನುಂಗಿದ ಗಂಟಲು, ಹಿಟ್ಟಿನ ಜೊತೆ ಮಾತ್ರೆಯನ್ನೂ ಇಳಿಸುತ್ತದೆ ಎಂದು ನನ್ನ ಲೆಕ್ಕಾಚಾರ. ಕೆಲವು ದಿನ ಇಳಿಸಿತು.

ಆ ಬೆಳಿಗ್ಗೆ ಸಕ್ಕರೆ ಮಾತ್ರೆ ಆಗಿತ್ತು. ಗ್ಯಾಸ್ ಕ್ಯಾಪ್ಸೂಲಿನ ಉಂಡೆ ಬಾಯಿಗಿಟ್ಟೆ. ಅವರು ತಲೆ ಹಿಂದಕ್ಕೆ ಎತ್ತಿ ಪ್ರಯತ್ನಿಸಿದರು. ಸಾಕು ಎಂಬಂತೆ ಕೈ ಆಡಿಸಿದರು. ನಾನು ಬಿಡಲಿಲ್ಲ. "ನುಂಗಿ, ನುಂಗಿ, ಆಗುತ್ತೆ" ಎಂದು ಗದ್ದ ಹಿಡಿದೆ. ಕೆಮ್ಮು ಬರಲಿಲ್ಲ. ಶಬ್ದವೇ ಬರಲಿಲ್ಲ. ಕಣ್ಣುಗಳು ದೊಡ್ಡವಾದವು, ತುಟಿ ನೀಲಿಗೆ ತಿರುಗಿತು. ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಬಡಿದೆ. ಆಗಲಿಲ್ಲ. ಹಿಂದಿನಿಂದ ಅಪ್ಪಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಕಟ್ಟಿ ಒಳಕ್ಕೂ ಮೇಲಕ್ಕೂ ಜಗ್ಗಿದೆ. ಮೂರೋ ನಾಲ್ಕೋ ಸಲಕ್ಕೆ ಹಿಟ್ಟು ಹೊರಬಿತ್ತು. ಅದರೊಳಗೆ ಕ್ಯಾಪ್ಸೂಲು ಒಂದಿಷ್ಟೂ ಕರಗದೆ ಹೊಳೆಯುತ್ತಿತ್ತು.

ಯಜಮಾನರ ಹೆಂಡತಿ ನನ್ನ ಕೈ ಹಿಡಿದು, ನೀವಿಲ್ಲದಿದ್ದರೆ ಹೋಗಿಬಿಡುತ್ತಿದ್ದರು ಎಂದು ಅತ್ತರು. ನಾನು ಆ ಮಾತನ್ನು ತೆಗೆದುಕೊಂಡೆ. ಮಾರನೆಯ ದಿನ ಕ್ಯಾಪ್ಸೂಲನ್ನು ಬಿಚ್ಚಿ, ಒಳಗಿನ ಕಾಳುಗಳನ್ನು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟೆ. ಡೋಸು ತಪ್ಪಬಾರದಲ್ಲ.

ಮೂರನೆಯ ದಿನ ಜ್ವರ ಬಂತು. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಬಲಗಡೆ ಕೆಳಗೆ ಗೊರಗೊರ. ತಿನ್ನುವುದು ಕುಡಿಯುವುದು ಶ್ವಾಸದ ದಾರಿಗೆ ಹೋಗಿ ನ್ಯುಮೋನಿಯಾ ಆಗಿತ್ತು. ಲಾರಿ ಓಡಿಸುವ ಮಗ ಕೆಲಸ ಬಿಟ್ಟು ಬಂದ. ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದರು. ಬಾಯಿಗೆ ಏನೂ ಕೊಡಬಾರದು ಎಂದರು. ಮನೆಯವರಿಗೆ ಕ್ಯಾನ್ಸರಿನ ಭಯ. ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಗೆಡ್ಡೆ ಇಲ್ಲ, ಅಡ್ಡಿ ಇಲ್ಲ. ದಾರಿ ಚೆನ್ನಾಗಿದೆ, ತಳ್ಳುವ ಸ್ನಾಯುಗಳೇ ಹೊತ್ತಿಗೆ ಸರಿಯಾಗಿ ಏಳುತ್ತಿಲ್ಲ ಎಂದರು. ಜ್ವರ ಇಳಿಯಿತು, ನುಂಗುವುದು ಬರಲಿಲ್ಲ. ಹೀಗೇ ಇದ್ದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಅಲ್ಲಿಂದ ಊಟ ಕೊಡುವುದು ಒಳ್ಳೆಯದು, ಯೋಚಿಸಿ ಎಂದು ಕಿರಿಯ ವೈದ್ಯರು ಹೇಳಿ ಹೋದರು.

ಯಜಮಾನರು ಮಗನನ್ನು ಹತ್ತಿರ ಕರೆದರು. ಟ್ಯೂಬಿನ ಸುತ್ತ ಅಂಟಿಸಿದ ಪ್ಲಾಸ್ಟರಿನಿಂದ ಮಾತು ಇನ್ನೂ ಸಣ್ಣದಾಗಿತ್ತು.

"ಬಾಯಲ್ಲುಣ್ಣಾಂಗಿದ್ರೆ ಮನೆಗ್ ಕರ್ಕೊಂಡೋಗು. ಹೊಟ್ಟೆ ತೂತು ಮಾಡ್ಸಿ ಎಲ್ಲರಿಗೂ ಹಿಟ್ಟಿಕ್ಕೋ ಗಲ್ಲಾದಲ್ಲಿ ನನ್ನ ಕೂರಿಸ್ಬ್ಯಾಡ."

ಮಗ ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತ. ತೂತು ಮಾಡಿಸದಿದ್ದರೆ ಉಪವಾಸ, ಮಾಡಿಸಿದರೆ ಅಪ್ಪನ ಮುಖ ನೋಡಲಾಗುವುದಿಲ್ಲ, ಏನು ಮಾಡಲಿ ಸಿಸ್ಟರ್ ಎಂದು ನನ್ನನ್ನೇ ಕೇಳಿದ. ಮಾಡಿಸಿಬಿಡಿ ಎಂದೆ. ಅದೇ ಕ್ರಮ, ಅದೇ ಸುರಕ್ಷಿತ ಎಂದು ವಿವರಿಸಿದೆ ಕೂಡ.

ಸಂಜೆ ಹಿರಿಯ ವೈದ್ಯರು ಬಂದರು. ಅವರು ಗಂಟಲು ನೋಡಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ನಿಂತು ಸುಮ್ಮನೆ ಮುಖ ನೋಡಿದರು. ಬಲಗೈ ಎತ್ತಿ, ಮಣಿಕಟ್ಟನ್ನು ಹಿಡಿದು ಮೆಲ್ಲನೆ ತಿರುಗಿಸಿದರು. ಕೈ ಸರಾಗವಾಗಿ ತಿರುಗದೆ ಹಲ್ಲಿನ ಚಕ್ರದಂತೆ ತಡೆತಡೆದು ತಿರುಗಿತು. ಏನೇನು ಮಾತ್ರೆ ಕೊಡುತ್ತಿದ್ದೀರಿ ಎಂದರು. ನನ್ನ ಡಬ್ಬಿ ತೆಗೆದುಕೊಟ್ಟೆ. ಒಂದೊಂದನ್ನೇ ಅಂಗೈಗೆ ಸುರಿದುಕೊಂಡು ನೋಡಿ, ಕ್ಯಾಪ್ಸೂಲನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಅದು ಬರೀ ಗ್ಯಾಸ್ ಮಾತ್ರೆ ಸ್ವಾಮಿ" ಎಂದರು ಯಜಮಾನರ ಹೆಂಡತಿ.

ವೈದ್ಯರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಆ ಕ್ಯಾಪ್ಸೂಲಿನಲ್ಲಿ ಎರಡು ಔಷಧಿ. ಒಂದು ಹೊಟ್ಟೆಯ ಹುಳಿ ತಗ್ಗಿಸುತ್ತದೆ. ಇನ್ನೊಂದು, ಲಿವೋಸಲ್ಪಿರೈಡ್ ಎನ್ನುವುದು, ಹೊಟ್ಟೆಯಲ್ಲಿರುವುದನ್ನು ಮುಂದಕ್ಕೆ ತಳ್ಳಿಸುತ್ತದೆ. ಇದು ಮೆದುಳಿನ ಡೋಪಮಿನ್ ಎಂಬ ರಸಕ್ಕೂ ಅಡ್ಡ ಬರುತ್ತದೆ. ವಯಸ್ಸಾದವರಿಗೆ ತಿಂಗಳುಗಟ್ಟಲೆ ಕೊಟ್ಟರೆ ಕೈ ನಡುಗಿ, ಮೈ ಬಿಗಿದು, ಮುಖ ಕಲ್ಲಾಗಬಹುದು, ನುಂಗುವುದೂ ನಿಧಾನವಾಗಬಹುದು. ನಿಲ್ಲಿಸಿದರೆ ಬಹಳ ಮಂದಿಯಲ್ಲಿ ಮೆಲ್ಲಗೆ ಸರಿಹೋಗುತ್ತದೆ, ಎಲ್ಲರಲ್ಲೂ ಅಲ್ಲ. ಎಷ್ಟು ದಿನದಿಂದ, ಎಷ್ಟು ಕೊಟ್ಟಿದ್ದೀರಿ ಎಂದು ಕೇಳಿದರು.

ಕೋಣೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ, ನನಗೊಬ್ಬಳಿಗೆ ಬಿಟ್ಟು. ಮೊದಲು ನೋಡಿದ ವೈದ್ಯರು ಬರೆದದ್ದು ಎಂದು ಹೇಳಿ ನಿಲ್ಲಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ದಿನಕ್ಕೆ ಒಂದು ಎಂದುಕೊಂಡರೆ ವೈದ್ಯರ ಅಂದಾಜು ತಪ್ಪುತ್ತದೆ. ಕಾಯಿಲೆ ಮಾತ್ರೆಯಿಂದಲ್ಲ, ಬೇರೆಯೇ ಎಂದು ತೀರ್ಮಾನಿಸಿದರೆ ಹೊಟ್ಟೆಯ ತೂತು ಖಾಯಂ. ಸೊಸೆ ಬಾಗಿಲ ಹತ್ತಿರ ಕ್ಯಾರಿಯರ್ ಹಿಡಿದು ನಿಂತಿದ್ದಳು.

"ಹದಿನೈದು ದಿನಕ್ಕೆ ಬರೆದದ್ದು ಸರ್. ಒಂಬತ್ತು ತಿಂಗಳು ಕೊಟ್ಟಿದ್ದೀನಿ. ತುತ್ತು ನಿಲ್ಲುತ್ತೆ ಅಂದಾಗ ಎರಡು ಮಾಡಿದ್ದು ನಾನು. ಯಾರನ್ನೂ ಕೇಳಲಿಲ್ಲ."

ವೈದ್ಯರು ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಒಂದು ಆಧಾರವಾಗುತ್ತಿತ್ತು. ಈ ಕ್ಷಣದಿಂದ ನಿಲ್ಲಿಸಿ, ತೂತಿನ ವಿಷಯ ಸದ್ಯಕ್ಕೆ ಬೇಡ, ಮೂಗಿನ ಟ್ಯೂಬಿನಲ್ಲೇ ಕೆಲವು ವಾರ ಕಾಯೋಣ ಎಂದು ಬರೆದು ಹೋದರು. ಮಗ ನನ್ನ ಮುಖ ನೋಡದೆ, ಇನ್ನು ನೀವು ಹೊರಡಿ ಸಿಸ್ಟರ್, ಕೊನೇ ಬಸ್ ಸಿಗುತ್ತೆ ಎಂದ. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ಅವರಿಗೆ ಎಚ್ಚರವಿತ್ತು, ನನಗೆ ಗೊತ್ತು.

ಅವರನ್ನು ಮನೆಗೆ ಕರೆತಂದ ಸುದ್ದಿ ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ. ನಾನು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಮಿಕ್ಕ ಮನೆಗಳ ಕೆಲಸ ನಡೆಯುತ್ತಿತ್ತು. ಆ ಬೀದಿ ಬಂದರೆ ಸ್ಕೂಟಿ ಬೇರೆ ದಾರಿ ಹಿಡಿಯುತ್ತಿತ್ತು. ಒಂದು ವಾರದ ಮೇಲೆ ಸೊಸೆಯ ಫೋನು. ಟ್ಯೂಬು ಕಟ್ಟಿಕೊಂಡಿದೆ, ಗಂಜಿ ಇಳಿಯುತ್ತಿಲ್ಲ, ಮನೆಯಲ್ಲಿ ಇವರು ಕರೆಯಬೇಡ ಅಂದಿದ್ದಾರೆ, ನೀವು ಬನ್ನಿ ಎಂದಳು.

ಹೋದೆ. ರಾಗಿ ಗಂಜಿಯನ್ನು ಸೋಸದೆ ಹಾಕಿದ್ದರಿಂದ ತರಿ ಕಚ್ಚಿಕೊಂಡಿತ್ತು. ಬಿಸಿನೀರು ತುಂಬಿದ ಸಿರಿಂಜಿನಿಂದ ಮೆಲ್ಲಗೆ ಹಿಂದೆ ಮುಂದೆ ಎಳೆದು ಬಿಡಿಸಿದೆ. ಆಮೇಲೆ ಸೊಸೆಗೆ ಒಂದೊಂದಾಗಿ ತೋರಿಸಿದೆ. ಮೊದಲು ಸಿರಿಂಜಿನಲ್ಲಿ ಹಿಂದಕ್ಕೆಳೆದು ಹೊಟ್ಟೆಯ ರಸ ಬರುತ್ತದೆಯೇ ನೋಡಬೇಕು. ಬಂದರೆ ಟ್ಯೂಬು ಜಾಗದಲ್ಲಿದೆ. ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಬೇಕು. ಒತ್ತಿ ತಳ್ಳಬಾರದು, ಸಿರಿಂಜನ್ನು ಮೇಲೆ ಹಿಡಿದರೆ ತಾನೇ ಇಳಿಯುತ್ತದೆ. ಕೊನೆಗೆ ಬರಿ ನೀರು. ಅರ್ಧ ಗಂಟೆ ಮಲಗಿಸಬಾರದು. ನಾನು ಮಾಡುವುದು ಬೇಡ, ನೀನು ಮಾಡು, ನಾನು ನೋಡುತ್ತೇನೆ ಎಂದೆ. ಎರಡನೆಯ ಸಲಕ್ಕೇ ಕೈ ಕುದುರಿತು.

ಹೊರಡುವಾಗ ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಹೇಳಲೇಬೇಕಿತ್ತು.

"ನಿನ್ನ ಹಿಟ್ಟಲ್ಲಿ ಗಂಟಿರಲಿಲ್ಲ ಕಣವ್ವ. ನಾನು ತಪ್ಪು ಹೇಳಿದೆ."

"ನಂಗೊತ್ತಿತ್ತು ಬುಡಿ ಸಿಸ್ಟ್ರಮ್ಮ" ಎಂದಳು, ಸಿರಿಂಜು ತೊಳೆಯುತ್ತಲೇ. "ತೊಳಸ್ದೋಳಿಗೆ ಗೊತ್ತಾಗಕಿಲ್ವ? ನೀವೂ ಅತ್ತೆ ಕಡೆಗೇ ಸೇರ್ಕಂಡ್ಮೇಲೆ ನಾನ್ಯಾರಿಗೇಳ್ಲಿ."

ಹೊರಗೆ ಬಂದು ಯಜಮಾನರ ಹೆಂಡತಿಗೂ ಅದನ್ನೇ ಹೇಳಿದೆ, ಸೊಸೆಗೆ ಕೇಳುವಂತೆ. ಅವರು, ಆಯ್ತು ಹೋಗಿ ಎಂದರು.

ಆಮೇಲೆ ಮತ್ತೆ ಹೋಗಿಬರತೊಡಗಿದೆ. ಮಗ ಕಂಡರೂ ಕಾಣದಂತಿದ್ದ, ಬೇಡ ಎನ್ನಲಿಲ್ಲ. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರದಲ್ಲಿ ಜೊಲ್ಲು ತಗ್ಗಿತು, ಟವಲು ಒಣಗಿರುತ್ತಿತ್ತು. ಜೊಲ್ಲು ತಗ್ಗಿದೆ ಎಂದರೆ ತಮ್ಮ ಉಗುಳನ್ನು ತಾವು ನುಂಗುತ್ತಿದ್ದಾರೆ ಎಂದು ಅರ್ಥ. ವೈದ್ಯರಿಗೆ ಫೋನು ಮಾಡಿದೆ. ಕರೆದುಕೊಂಡು ಬನ್ನಿ ಎಂದರು. ನುಂಗುವುದನ್ನು ಪರೀಕ್ಷಿಸುವವರು ಅಲ್ಲಿ ಚಮಚದಿಂದ ಶುರುಮಾಡಿಸಿದರು. ನಾನು ಅಷ್ಟು ವರ್ಷ ಮಾಡಿಸಿದ್ದು ತಿರುಗುಮುರುಗು ಎಂದು ಅಲ್ಲಿ ಗೊತ್ತಾಯಿತು. ತಲೆ ಹಿಂದಕ್ಕೆ ಎತ್ತಬಾರದು, ಗದ್ದ ಎದೆಯ ಕಡೆಗೆ ತಗ್ಗಿಸಬೇಕು. ತೆಳ್ಳಗಿನ ನೀರು ಇಂಥವರಿಗೆ ಸುಲಭವಲ್ಲ, ಅದೇ ಮೊದಲು ಶ್ವಾಸಕ್ಕೆ ಜಾರುವುದು. ಮಂದವಾದ ಗಂಜಿಯೇ ಮೇಲು. ಒಂದು ಚಮಚ, ಎರಡು ಸಲ ನುಂಗುವುದು, ಆಮೇಲೆ 'ಆ' ಅನ್ನಿಸುವುದು. ದನಿ ಒದ್ದೆಯಾಗಿ, ಗಂಟಲಲ್ಲಿ ನೀರು ನಿಂತಂತೆ ಕೇಳಿದರೆ ಅಲ್ಲಿಗೇ ನಿಲ್ಲಿಸುವುದು.

ಮನೆಯಲ್ಲಿ ಚಮಚ ಹಿಡಿದವಳು ಸೊಸೆ. ನಾನು ಪಕ್ಕದಲ್ಲಿ ಕೂತು ದನಿ ಕೇಳಿಸಿಕೊಳ್ಳುತ್ತಿದ್ದೆ. ಯಜಮಾನರು ಅವಳ ಕೈಯನ್ನೇ ನೋಡುತ್ತಿದ್ದರು, ನನ್ನ ಕಡೆ ತಿರುಗುತ್ತಿರಲಿಲ್ಲ. ಒಂದು ದಿನ ಎರಡನೆಯ ಚಮಚಕ್ಕೇ ಕೆಮ್ಮಿದರು. ನಾಲ್ಕು ದಿನ ಹಿಂದಕ್ಕೆ ಹೋದೆವು. ಮತ್ತೆ ಶುರು. ಎರಡು ತಿಂಗಳಾಗುವ ಹೊತ್ತಿಗೆ ಒಂದು ಬಟ್ಟಲು ಗಂಜಿ ಬಾಯಿಯಿಂದ ಹೋಗುತ್ತಿತ್ತು. ಟ್ಯೂಬು ತೆಗೆದ ದಿನ ಅವರು ಮೂಗು ಉಜ್ಜಿಕೊಂಡು, ಸೊಸೆಯನ್ನು ಕರೆದು, ಮೆತ್ತಗೆ ಹಿಟ್ಟು ತೊಳಸು ಎಂದರು. ನಿಂಬೆಕಾಯಿಯಷ್ಟು ಹಿಟ್ಟು. ಗದ್ದ ತಗ್ಗಿಸಿ ಕಡಲೆಕಾಳಿನಷ್ಟು ಚೂರು ಚೂರಾಗಿ ಉಂಡರು. ಇಳಿಯಿತು. ಯಜಮಾನರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೊಸೆ ಕೋಲು ತೊಳೆಯಲು ಎದ್ದುಹೋದಳು.

ಬಲಗೈಯ ನಡುಕ ಪೂರ್ತಿ ಹೋಗಿಲ್ಲ. ಹೋಗಲಿಕ್ಕಿಲ್ಲ ಎಂದಿದ್ದಾರೆ. ಈಗ ಗಲ್ಲಾದಲ್ಲಿ ಕೂರುತ್ತಾರೆ, ಚಿಲ್ಲರೆಯನ್ನು ಎಡಗೈಯಲ್ಲಿ ಎಣಿಸಿ ಕೊಡುತ್ತಾರೆ.

ಮಾತ್ರೆ ಕೊಡಲು ನನ್ನನ್ನು ಮತ್ತೆ ಕರೆದವರು ಅವರೇ. ಯಾಕೆಂದು ನಾನು ಕೇಳಲಿಲ್ಲ. ಮೊದಲ ದಿನ ಹೋದಾಗ ಬಾಗಿಲ ಬೆಂಚಿನಲ್ಲಿ ನಾಲ್ಕು ಜನ ಗಿರಾಕಿಗಳು ಎಲೆಗೆ ಕಾಯುತ್ತಿದ್ದರು. ಡಬ್ಬಿ ತೆಗೆದು ಒಂದು ಮಾತ್ರೆ ಮುಂದಿಟ್ಟೆ. ಅವರು ಬಾಯಿ ತೆರೆಯಲಿಲ್ಲ.

"ಇದ್ಯಾತಕ್ಕೆ ಸಿಸ್ಟ್ರಮ್ಮ?"

ಸಕ್ಕರೆಗೆ ಎಂದೆ. ತೆಗೆದುಕೊಂಡರು. ಎರಡನೆಯದಕ್ಕೂ ಅದೇ ಪ್ರಶ್ನೆ. ಬಿ.ಪಿ.ಗೆ ಎಂದೆ. ಮೂರನೆಯದು ಚಿಕ್ಕ ಬಿಳಿ ಮಾತ್ರೆ. ಕಾಲಿನ ಹುಣ್ಣಿದ್ದಾಗ ಉರಿಗೆಂದು ಬರೆದದ್ದು. ಹುಣ್ಣು ಹೋಗಿ ವರ್ಷ ಕಳೆದಿದೆ, ಉರಿಯೂ ಇಲ್ಲ.

"ಇದು?"

"ಕಾಲುರಿಗೆ ಕೊಟ್ಟಿದ್ದು. ಈಗಲೂ ಬೇಕಾ ಅನ್ನೋದು ನನಗೆ ಗೊತ್ತಿಲ್ಲ."

ಬೆಂಚಿನ ಮೇಲಿದ್ದವರು ನನ್ನ ಕಡೆ ತಿರುಗಿದರು. ಯಜಮಾನರು ಸಿಟ್ಟಿನಿಂದ ಕೇಳಿರಲಿಲ್ಲ, ಆ ಪ್ರಶ್ನೆಯಲ್ಲಿ ಕುಹಕವೂ ಇರಲಿಲ್ಲ.

"ಅಂಗಾರೆ ಕೇಳಿ. ನಾನ್ ಕಾಯ್ತೀನಿ."

ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು, ಗಿರಾಕಿಗಳು ನೋಡುತ್ತಿರುವಾಗಲೇ, ನಿಂತಲ್ಲಿಂದಲೇ ವೈದ್ಯರಿಗೆ ಫೋನು ಹಚ್ಚಿದೆ.